ಗಿರಾಕಿಯನ್ನು ಕಳುಹಿಸಿದವರು ಯಾರು? ಅಮೆರಿಕದ ಟೈಟಲ್ ಏಜೆನ್ಸಿಯಲ್ಲಿ ಪಾಲು ಇರುವವರು ಇಡಬೇಕಾದ ಲೆಕ್ಕ, ಕೊಡಬೇಕಾದ ವರದಿ

ಮನೆ, ಜಮೀನಿನ ಹಕ್ಕನ್ನು ಪರಿಶೀಲಿಸಿ ಅದಕ್ಕೆ ವಿಮೆ ಮಾಡಿಸಿಕೊಡುವ ಟೈಟಲ್ ಏಜೆನ್ಸಿಯ ಆರ್ಡರ್ ರಿಜಿಸ್ಟರಿನಲ್ಲಿ ‘ಮೂಲ’ ಎಂಬ ಒಂದು ಕಾಲಂ ಇರುತ್ತದೆ. ಈ ಗಿರಾಕಿಯನ್ನು ನಮ್ಮ ಬಳಿಗೆ ಕಳುಹಿಸಿದವರು ಯಾರು ಎಂದು ಅಲ್ಲಿ ಬರೆಯಬೇಕು. ಕಡತ ಪರಿಶೀಲನೆಗೆಂದು ನಾನು ಕುಳಿತ ಹಲವು ಕಚೇರಿಗಳಲ್ಲಿ ಆ ಕಾಲಂ ಖಾಲಿ ಇತ್ತು. ತುಂಬಿದ್ದ ಕಡೆಯೂ ‘ಫೋನ್’, ‘ಇಮೇಲ್’, ‘ಹಳೆಯ ಪರಿಚಯ’ ಎಂದಷ್ಟೇ ಇತ್ತು. ಫೋನ್ ಮಾಡಿದವರು ಯಾರು, ಅವರಿಗೆ ಇದೇ ಏಜೆನ್ಸಿಯಲ್ಲಿ ಪಾಲು ಇದೆಯೇ ಎಂಬುದನ್ನು ಯಾರೂ ಬರೆದಿರಲಿಲ್ಲ. ವರ್ಷ ಮುಗಿದು ರಾಜ್ಯದ ವಿಮಾ ಇಲಾಖೆಯ ನಮೂನೆ ಮುಂದೆ ಬಂದಾಗ ಅದನ್ನೆಲ್ಲ ನೆನಪಿನಿಂದ ಹೆಕ್ಕಿ ತುಂಬಲು ಹೊರಡುತ್ತಾರೆ. ವರದಿ ತಪ್ಪುವುದು ಹೀಗೆ.

ಅಮೆರಿಕದಲ್ಲಿ ಮನೆ ಮಾರಾಟದ ಏಜೆಂಟರಾಗಿ, ಗೃಹಸಾಲದ ಬ್ರೋಕರರಾಗಿ ದುಡಿಯುವ ಕನ್ನಡಿಗರಿದ್ದಾರೆ. ‘ನೀವು ಹೇಗೂ ಇಷ್ಟು ಜನರನ್ನು ಕಳುಹಿಸುತ್ತೀರಿ, ನಮ್ಮ ಟೈಟಲ್ ಏಜೆನ್ಸಿಯಲ್ಲಿ ಸ್ವಲ್ಪ ಪಾಲು ತೆಗೆದುಕೊಳ್ಳಿ’ ಎಂಬ ಆಹ್ವಾನ ಇವರಿಗೆ ಆಗಾಗ ಬರುತ್ತದೆ. ಇನ್ನೊಂದೆಡೆ, ಅಮೆರಿಕದ ಟೈಟಲ್ ಕಂಪನಿಗಳ ಹುಡುಕಾಟ, ಪರಿಶೀಲನೆಯ ಕೆಲಸವನ್ನು ಬೆಂಗಳೂರಿನಲ್ಲಿ ಕುಳಿತು ಮಾಡುವ ತಂಡಗಳಿವೆ. ಈ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪಾಲು ತೆಗೆದುಕೊಳ್ಳುವುದು ತಪ್ಪಲ್ಲ. ಕಾನೂನು ಅದಕ್ಕೆ ದಾರಿ ಬಿಟ್ಟಿದೆ. ಆದರೆ ಆ ದಾರಿಗೆ ಷರತ್ತುಗಳಿವೆ, ಷರತ್ತುಗಳನ್ನು ಪಾಲಿಸಿದ್ದೀರಿ ಎಂಬುದಕ್ಕೆ ಕಾಗದಪತ್ರ ಬೇಕು.

ಊರಿನಲ್ಲಿ ನಿವೇಶನ ಕೊಳ್ಳುವವರು ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸುತ್ತಾರೆ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಿ ಅಭಿಪ್ರಾಯ ಪಡೆಯುತ್ತಾರೆ. ಆಮೇಲೆ ತಕರಾರು ಬಂದರೆ ನಷ್ಟ ಕೊಂಡವರದ್ದೇ. ಅಮೆರಿಕದಲ್ಲಿ ಈ ಹುಡುಕಾಟವನ್ನು ಟೈಟಲ್ ಏಜೆನ್ಸಿ ಮಾಡುತ್ತದೆ, ಅದರ ಹಿಂದಿರುವ ವಿಮಾ ಕಂಪನಿ ಹಕ್ಕುಪತ್ರದ ದೋಷಕ್ಕೆ ಹೊಣೆ ಹೊರುತ್ತದೆ. ಪ್ರೀಮಿಯಂ ಒಂದೇ ಸಲ, ಕ್ಲೋಸಿಂಗ್ ದಿನ, ಅಂದರೆ ಖರೀದಿ ಪೂರ್ಣಗೊಳ್ಳುವ ದಿನ ಕಟ್ಟುವಂಥದ್ದು. ಸಾಲ ಕೊಡುವ ಬ್ಯಾಂಕು ತನ್ನ ಪಾಲಿಸಿ ಇರಲೇಬೇಕೆಂದು ಸಾಮಾನ್ಯವಾಗಿ ಪಟ್ಟು ಹಿಡಿಯುತ್ತದೆ. ಜೀವನದಲ್ಲಿ ಒಂದೆರಡು ಸಲ ಮಾತ್ರ ಮನೆ ಕೊಳ್ಳುವ ಜನರಿಗೆ ಯಾವ ಏಜೆನ್ಸಿ ಒಳ್ಳೆಯದು, ದರ ಎಷ್ಟಿರಬೇಕು ಎಂಬುದರ ಅಂದಾಜು ಇರುವುದಿಲ್ಲ. ಏಜೆಂಟ್ ಹೇಳಿದ ಕಡೆಗೆ ಹೋಗುತ್ತಾರೆ. ಆ ಒಂದು ಮಾತಿಗೆ ಹಣದ ಬೆಲೆ ಇರುವುದರಿಂದಲೇ ಇಷ್ಟೆಲ್ಲ ಕಾನೂನು ಹುಟ್ಟಿದೆ.

ಒಂದೇ ಪದ, ಎರಡು ಅರ್ಥ

ಮೊದಲು ‘ಅಫಿಲಿಯೇಟೆಡ್’ ಎಂಬ ಪದವನ್ನು ಬಿಡಿಸಿಕೊಳ್ಳಬೇಕು. ಇದರಲ್ಲಿ ಎಡವಿ, ಮುಂದಿನ ನಮೂನೆಗಳನ್ನೆಲ್ಲ ತಪ್ಪಾಗಿ ತುಂಬಿದವರನ್ನು ಕಂಡಿದ್ದೇನೆ.

1974ರಲ್ಲಿ ಬಂದ ರೆಸ್ಪಾ (ರಿಯಲ್ ಎಸ್ಟೇಟ್ ಸೆಟ್ಲ್‌ಮೆಂಟ್ ಪ್ರೊಸೀಜರ್ಸ್ ಆಕ್ಟ್) ಎಂಬ ಫೆಡರಲ್ ಕಾಯ್ದೆಯಲ್ಲಿ ಈ ಪದ ಗಿರಾಕಿಯನ್ನು ಕಳುಹಿಸುವವರಿಗೂ ಸೇವೆ ಕೊಡುವ ಕಂಪನಿಗೂ ಇರುವ ನಂಟನ್ನು ಹೇಳುತ್ತದೆ. ಬ್ರೋಕರ್, ಸಾಲದಾತ, ವಕೀಲ, ಮನೆ ಕಟ್ಟುವ ಬಿಲ್ಡರ್ ಹೀಗೆ ಗಿರಾಕಿಯನ್ನು ಕಳುಹಿಸುವ ಸ್ಥಾನದಲ್ಲಿರುವ ಯಾರಿಗಾದರೂ ಟೈಟಲ್ ಏಜೆನ್ಸಿಯಲ್ಲಿ ಶೇ 1ಕ್ಕಿಂತ ಹೆಚ್ಚಿನ ಪಾಲು ಇದ್ದು, ಅವರು ಅಲ್ಲಿಗೆ ಗಿರಾಕಿಯನ್ನು ಕಳುಹಿಸಿದರೆ ಅದು ಅಫಿಲಿಯೇಟೆಡ್ ವ್ಯವಹಾರ. ಗಿರಾಕಿಯನ್ನು ಕಳುಹಿಸಿದ್ದಕ್ಕೆ ಹಣ ಪಡೆಯಬಾರದೆಂಬ ನಿಷೇಧದಿಂದ 1983ರ ತಿದ್ದುಪಡಿ ಇದಕ್ಕೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು.

ವಿಮಾ ಕಂಪನಿಯ ಹಣಕಾಸು ವಿವರಣೆಯಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ. ಟೈಟಲ್ ವಿಮಾ ಕಂಪನಿಗಳು ಪ್ರತಿ ವರ್ಷ ಮಾರ್ಚ್ 1ರೊಳಗೆ ಸಲ್ಲಿಸುವ ವಾರ್ಷಿಕ ವಿವರಣೆಯಲ್ಲಿ ಪ್ರೀಮಿಯಂ ಅನ್ನು ಮೂರು ಭಾಗ ಮಾಡಿ ತೋರಿಸಬೇಕು: ತಾವೇ ನೇರವಾಗಿ ಬರೆದದ್ದು, ಅಫಿಲಿಯೇಟೆಡ್ ಅಲ್ಲದ ಏಜೆನ್ಸಿಗಳ ಮೂಲಕ ಬಂದದ್ದು, ಅಫಿಲಿಯೇಟೆಡ್ ಏಜೆನ್ಸಿಗಳ ಮೂಲಕ ಬಂದದ್ದು. ಇಲ್ಲಿ ಕೇಳುತ್ತಿರುವುದು ಏಜೆನ್ಸಿಗೂ ವಿಮಾ ಕಂಪನಿಗೂ ಇರುವ ಒಡೆತನದ ನಂಟನ್ನು. ಮೂವರು ಬ್ರೋಕರ್‌ಗಳು ಸೇರಿ ಕಟ್ಟಿದ ಏಜೆನ್ಸಿಯಲ್ಲಿ ವಿಮಾ ಕಂಪನಿಗೆ ಪಾಲೇ ಇಲ್ಲದಿದ್ದರೆ, ಅದು ರೆಸ್ಪಾ ಲೆಕ್ಕದಲ್ಲಿ ಅಫಿಲಿಯೇಟೆಡ್, ವಿಮಾ ಕಂಪನಿಯ ಲೆಕ್ಕದಲ್ಲಿ ಅಲ್ಲ. ವಿಮಾ ಕಂಪನಿಯಿಂದ ‘ನೀವು ಅಫಿಲಿಯೇಟೆಡ್ ಏಜೆನ್ಸಿಯೇ?’ ಎಂಬ ಪ್ರಶ್ನಾವಳಿ ಬಂದರೆ, ಯಾರೊಡನೆ ಎಂದು ಕೇಳಿ ತಿಳಿದುಕೊಂಡು ಉತ್ತರಿಸಿ.

ಮೊದಲ ಹೆಜ್ಜೆ: ಒಡೆತನದ ವಂಶವೃಕ್ಷ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲ್ಭಾಗದಲ್ಲಿ ಏಜೆನ್ಸಿಯ ಹೆಸರು, ಅದರ ಕೆಳಗೆ ಪ್ರತಿಯೊಬ್ಬ ಪಾಲುದಾರ, ಪ್ರತಿಯೊಂದು ಪಾಲುದಾರ ಕಂಪನಿ. ಕಂಪನಿ ಇದ್ದರೆ ಅಲ್ಲಿಗೆ ನಿಲ್ಲಿಸಬೇಡಿ; ಅದರ ಹಿಂದೆ ಇರುವ ಮನುಷ್ಯ ಸಿಗುವವರೆಗೆ ಕೆಳಗೆ ಇಳಿಯಿರಿ. ಪ್ರತಿ ಹೆಸರಿನ ಮುಂದೆ ಶೇಕಡಾವಾರು ಪಾಲು, ಪಾಲು ಬಂದ ದಿನ, ಹಾಕಿದ ಬಂಡವಾಳ, ಆ ವ್ಯಕ್ತಿಯ ವೃತ್ತಿ, ಪರವಾನಗಿ ಸಂಖ್ಯೆ ಇವನ್ನೆಲ್ಲ ಬರೆಯಿರಿ.

ನಮ್ಮವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಆಸ್ತಿಯನ್ನು ಹೆಂಡತಿಯ ಹೆಸರಿನಲ್ಲಿ, ಮಗನ ಹೆಸರಿನಲ್ಲಿ, ಮೈಸೂರಿನಲ್ಲಿರುವ ತಾಯಿಯ ಹೆಸರಿನಲ್ಲಿ ಇಡುವುದು ನಮಗೆ ಸಹಜವಾಗಿ ಬಂದ ರೂಢಿ. ಅದರಲ್ಲಿ ಮೋಸದ ಉದ್ದೇಶ ಇರುವುದಿಲ್ಲ. ಆದರೆ ರೆಸ್ಪಾ ಕಾಯ್ದೆ ಗಿರಾಕಿಯನ್ನು ಕಳುಹಿಸುವವರ ಜೊತೆಗೆ ಅವರ ‘ಅಸೋಸಿಯೇಟ್’ಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ವ್ಯಾಖ್ಯೆಯಲ್ಲಿ ಗಂಡ ಅಥವಾ ಹೆಂಡತಿ, ತಂದೆ ತಾಯಿ, ಮಕ್ಕಳು ನೇರವಾಗಿ ಸೇರಿದ್ದಾರೆ. ಉದ್ಯೋಗದಾತ, ಪದಾಧಿಕಾರಿ, ನಿರ್ದೇಶಕ, ಪಾಲುದಾರ, ಫ್ರಾಂಚೈಸಿ ಸಂಬಂಧ ಇವೂ ಸೇರಿವೆ. ಬ್ರೋಕರ್ ಆಗಿರುವ ಮಗ ಗಿರಾಕಿಯನ್ನು ಕಳುಹಿಸಿ, ಏಜೆನ್ಸಿಯ ಶೇ 10ರ ಪಾಲು ತಾಯಿಯ ಹೆಸರಿನಲ್ಲಿದ್ದರೆ, ಆ ನಂಟನ್ನು ಗಿರಾಕಿಗೆ ಲಿಖಿತವಾಗಿ ತಿಳಿಸುವ ಘೋಷಣೆಯ ಹೊಣೆ ಮಗನ ಮೇಲೆ ಬಂದೇ ಬರುತ್ತದೆ. ಅಣ್ಣ, ತಮ್ಮ, ಅಕ್ಕ, ತಂಗಿ ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ಹಾಗೆಂದು ತಮ್ಮನ ಹೆಸರಿನಲ್ಲಿ ಪಾಲು ಇಟ್ಟು ಲಾಭ ಅಣ್ಣ ಉಣ್ಣುತ್ತಿದ್ದರೆ ತಪ್ಪಿಸಿಕೊಳ್ಳಲಾಗದು. ನಿಜವಾದ ಫಲಾನುಭವಿ ಯಾರು ಎಂಬುದನ್ನೂ ಕಾಯ್ದೆ ನೋಡುತ್ತದೆ.

ವಿಮಾ ಕಂಪನಿಯೇ ಪಾಲುದಾರನಾಗಿದ್ದರೆ ಇನ್ನೊಂದು ಗೆರೆ ಎಳೆಯಬೇಕು. ವಿಮಾ ಹೋಲ್ಡಿಂಗ್ ಕಂಪನಿಗಳ ಕುರಿತ ರಾಜ್ಯ ಕಾನೂನುಗಳು ಸಾಮಾನ್ಯವಾಗಿ ಮತದಾನದ ಹಕ್ಕಿರುವ ಶೇ 10ರ ಪಾಲನ್ನು ‘ನಿಯಂತ್ರಣ’ ಎಂದು ಭಾವಿಸುತ್ತವೆ. ಆಗ ಆ ವಿಮಾ ಕಂಪನಿ ತನ್ನ ವಾರ್ಷಿಕ ನೋಂದಣಿ ವಿವರಣೆಯಾದ ಫಾರ್ಮ್ ಬಿಯಲ್ಲಿ ನಿಮ್ಮ ಏಜೆನ್ಸಿಯನ್ನು ತೋರಿಸಬೇಕಾಗುತ್ತದೆ. ಒಂದೇ ಗುಂಪಿನ ಕಂಪನಿಗಳ ನಡುವಿನ ಕೆಲವು ದೊಡ್ಡ ವ್ಯವಹಾರಗಳಿಗೆ ಫಾರ್ಮ್ ಡಿ ಮೂಲಕ 30 ದಿನ ಮುಂಚೆ ಇಲಾಖೆಗೆ ತಿಳಿಸಬೇಕು. ಈ ನಮೂನೆಗಳನ್ನು ನೀವು ತುಂಬುವುದಿಲ್ಲ, ವಿಮಾ ಕಂಪನಿ ತುಂಬುತ್ತದೆ. ಆದರೆ ಅಂಕಿ ಅಂಶ ಹೋಗಬೇಕಾದದ್ದು ನಿಮ್ಮಿಂದ.

ಎರಡನೆಯ ಹೆಜ್ಜೆ: ‘ಮೂಲ’ದ ಕಾಲಂ

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಫೆಡರಲ್ ಘೋಷಣೆ, ರಾಜ್ಯದ ವರದಿ, ಲಾಭದ ಹಂಚಿಕೆ, ಇವೆಲ್ಲ ನಿಂತಿರುವುದು ಈ ಒಂದು ಕಾಲಂ ಮೇಲೆ. ಆರ್ಡರ್ ತೆರೆದ ದಿನವೇ ಇದನ್ನು ತುಂಬಬೇಕು; ಮರುದಿನಕ್ಕೆ ಬಿಟ್ಟರೆ ಉಳಿಯುವುದಿಲ್ಲ.

ಒಂದು ಸಾಲು ಹೇಗಿರಬೇಕು ಎಂದು ತೋರಿಸುತ್ತೇನೆ. ಆರ್ಡರ್ ಸಂಖ್ಯೆ 118, ಮಾರ್ಚ್ 4. ಖರೀದಿ, ಸಾಲ ಇದೆ. ಆರ್ಡರ್ ಕಳುಹಿಸಿದ್ದು: ಬ್ರೋಕರ್ ಕಚೇರಿಯ ಸಹಾಯಕಿ, ಇಮೇಲ್ ಮೂಲಕ. ಶಿಫಾರಸು ಮಾಡಿದ್ದು: ಅದೇ ಕಚೇರಿಯ ಏಜೆಂಟ್. ಪಾಲಿನ ನಂಟು: ಹೌದು, ಬ್ರೋಕರ್ ಕಂಪನಿಗೆ ಶೇ 35. ಘೋಷಣಾ ಪತ್ರ ಗಿರಾಕಿಗೆ ಕೊಟ್ಟ ದಿನ: ಮಾರ್ಚ್ 2. ಸಹಿ ಇರುವ ಪ್ರತಿ ಕಡತದಲ್ಲಿದೆ: ಹೌದು. ನೋಡಿದವರು: ಸಿಬ್ಬಂದಿಯ ಇನಿಷಿಯಲ್.

ಇದರಲ್ಲಿ ಎರಡು ವಿಷಯ ಗಮನಿಸಿ. ಆರ್ಡರ್ ಕಳುಹಿಸಿದವರು ಬೇರೆ, ಶಿಫಾರಸು ಮಾಡಿದವರು ಬೇರೆ. ಸಾಲದಾತರ ಕಚೇರಿಯಿಂದ ಆರ್ಡರ್ ಬಂದಿರಬಹುದು. ಆದರೆ ಗಿರಾಕಿಗೆ ಏಜೆನ್ಸಿಯ ಹೆಸರು ಹೇಳಿದ್ದು ಬ್ರೋಕರ್ ಆಗಿರಬಹುದು. ಗಿರಾಕಿಯನ್ನೇ ಕೇಳಿ: ‘ನಮ್ಮ ಹೆಸರನ್ನು ನಿಮಗೆ ಹೇಳಿದವರು ಯಾರು?’ ಎರಡನೆಯದಾಗಿ, ಪತ್ರ ಕೊಟ್ಟ ದಿನ ಆರ್ಡರ್ ತೆರೆದ ದಿನಕ್ಕಿಂತ ಹಿಂದೆ ಇದೆ. ಅದು ಆಮೇಲಿನ ದಿನವಾಗಿದ್ದರೆ ಆ ಕಡತದಲ್ಲಿ ಏನೋ ತಪ್ಪಿರುವ ಸಾಧ್ಯತೆ ಇದೆ, ತಕ್ಷಣ ವಿಚಾರಿಸಬೇಕು.

ಪಾಲುದಾರರಲ್ಲದವರಿಂದ ಬಂದ ಆರ್ಡರ್‌ಗಳನ್ನೂ ಇಷ್ಟೇ ಶ್ರದ್ಧೆಯಿಂದ ಬರೆದಿಡಿ. ಪಾಲುದಾರರಿಂದ ಬಂದ ವ್ಯವಹಾರ ಒಟ್ಟಿನಲ್ಲಿ ಎಷ್ಟು ಭಾಗ ಎಂದು ಹೇಳಬೇಕಾದಾಗ ಒಟ್ಟು ಸಂಖ್ಯೆ ಗಟ್ಟಿಯಾಗಿರಬೇಕು.

ಮೂರನೆಯ ಹೆಜ್ಜೆ: ಗಿರಾಕಿಗೆ ಘೋಷಣಾ ಪತ್ರ

ರೆಸ್ಪಾ ಪ್ರಕಾರ ಅಫಿಲಿಯೇಟೆಡ್ ವ್ಯವಹಾರದ ಬಗ್ಗೆ ವರ್ಷಕ್ಕೊಮ್ಮೆ ವಾಷಿಂಗ್ಟನ್ನಿಗೆ ಕಳುಹಿಸಬೇಕಾದ ವರದಿ ಎಂಬುದಿಲ್ಲ. ಫೆಡರಲ್ ಮಟ್ಟದಲ್ಲಿ ನೀವು ವರದಿ ಒಪ್ಪಿಸುವುದು ಗಿರಾಕಿಗೆ, ಅದೂ ಪ್ರತಿ ಸಲ. ಇದನ್ನು ಹಗುರವಾಗಿ ತೆಗೆದುಕೊಂಡವರು ತೊಂದರೆಗೆ ಸಿಕ್ಕಿದ್ದಾರೆ. 2011ರ ಜುಲೈನಿಂದ ಈ ಕಾನೂನಿನ ಜಾರಿ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ, ಅಂದರೆ ಸಿಎಫ್‌ಪಿಬಿ ಕೈಯಲ್ಲಿದೆ.

ಪತ್ರದ ಮಾದರಿ ರೆಸ್ಪಾ ಜಾರಿಗೆಂದು ಮಾಡಿದ ನಿಯಮಾವಳಿಯಾದ ರೆಗ್ಯುಲೇಶನ್ ಎಕ್ಸ್‌ನ ಅನುಬಂಧ ಡಿಯಲ್ಲಿದೆ. ಒಂದೇ ಪುಟ. ಮೇಲೆ ಯಾರಿಗೆ, ಯಾವ ಆಸ್ತಿ, ಯಾವ ದಿನ. ಆಮೇಲೆ ಶಿಫಾರಸು ಮಾಡುವವರಿಗೆ ಈ ಏಜೆನ್ಸಿಯೊಡನೆ ಇರುವ ಸಂಬಂಧ, ಪಾಲಿನ ಶೇಕಡಾವಾರು ಸಹಿತ. ಈ ನಂಟಿನಿಂದ ತಮಗೆ ಹಣದ ಅಥವಾ ಬೇರೆ ಲಾಭ ಆಗಬಹುದು ಎಂಬ ಒಂದು ವಾಕ್ಯ. ಅಂದಾಜು ಶುಲ್ಕ, ಅಥವಾ ಇಂತಿಷ್ಟರಿಂದ ಇಂತಿಷ್ಟು ಎಂಬ ಮಿತಿ. ಈ ಏಜೆನ್ಸಿಯನ್ನೇ ಬಳಸಬೇಕೆಂಬ ಕಡ್ಡಾಯವಿಲ್ಲ ಎಂಬ ಮಾತು. ಅದರ ಬೆನ್ನಿಗೆ ದೊಡ್ಡ ಅಕ್ಷರಗಳಲ್ಲಿ ಇನ್ನೊಂದು ಮಾತು: ಇಂಥ ಸೇವೆ ಕೊಡುವ ಬೇರೆಯವರೂ ಇದ್ದಾರೆ, ವಿಚಾರಿಸಿ ನೋಡಲು ನೀವು ಸ್ವತಂತ್ರರು. ಕೊನೆಗೆ ಗಿರಾಕಿಯ ಸಹಿ.

ಈ ದೊಡ್ಡ ಅಕ್ಷರಗಳು ಅಲಂಕಾರಕ್ಕಲ್ಲ. 2014ರಲ್ಲಿ ಅಲಬಾಮಾ ರಾಜ್ಯದ ರಿಯಲ್ಟಿಸೌತ್ ಎಂಬ ದೊಡ್ಡ ರಿಯಲ್ ಎಸ್ಟೇಟ್ ಕಂಪನಿಯ ಮೇಲೆ ಬ್ಯೂರೋ 5 ಲಕ್ಷ ಡಾಲರ್ ದಂಡದ ಆದೇಶ ಹೊರಡಿಸಿತು. ಅಲ್ಲಿ ಬ್ಯೂರೋ ಎತ್ತಿದ ಆಕ್ಷೇಪಗಳು ಎರಡು. ಕಂಪನಿಯ ಅಚ್ಚಾದ ಖರೀದಿ ಕರಾರಿನಲ್ಲಿಯೇ ತನ್ನ ಅಂಗಸಂಸ್ಥೆಯಾದ ಟೈಟಲ್ ಕಂಪನಿಯತ್ತ ಗಿರಾಕಿಯನ್ನು ದೂಡುವ ಮಾತುಗಳಿದ್ದವು. ಘೋಷಣಾ ಪತ್ರದಲ್ಲಿ ‘ಬೇರೆ ಕಡೆ ವಿಚಾರಿಸಲು ಸ್ವತಂತ್ರರು’ ಎಂಬ ಮಾತು ಎದ್ದು ಕಾಣದೆ, ತಮ್ಮ ಸೇವೆಯ ಹೊಗಳಿಕೆಯ ನಡುವೆ ಹುದುಗಿ ಹೋಗಿತ್ತು. ಹಾಗಾಗಿ ಅನುಬಂಧ ಡಿಯ ಮಾದರಿಯನ್ನು ಸುಂದರಗೊಳಿಸಲು ಹೋಗಬೇಡಿ. ಲೋಗೋ, ಘೋಷವಾಕ್ಯ, ‘30 ವರ್ಷಗಳ ನಂಬಿಕೆ’ ಇವು ಯಾವುವೂ ಆ ಪುಟದಲ್ಲಿ ಬೇಡ. ಅದು ಪ್ರತ್ಯೇಕ ಹಾಳೆಯಾಗಿರಬೇಕು. ಕರಾರಿನ ಹನ್ನೊಂದನೆಯ ಪುಟದ ಕೆಳತುದಿಯಲ್ಲಿ ಸೇರಿಸಿದರೆ ನಡೆಯುವುದಿಲ್ಲ.

ಪತ್ರ ಕೊಡಬೇಕಾದವರು ಯಾರು? ಶಿಫಾರಸು ಮಾಡುವವರು, ಟೈಟಲ್ ಏಜೆನ್ಸಿ ಅಲ್ಲ. ಯಾವಾಗ? ಶಿಫಾರಸು ಮಾಡುವಾಗ ಅಥವಾ ಅದಕ್ಕೂ ಮೊದಲು. ಹಲವರು ಕ್ಲೋಸಿಂಗ್ ದಿನ ನೂರು ಕಾಗದಗಳ ನಡುವೆ ಇದಕ್ಕೂ ಸಹಿ ಹಾಕಿಸುತ್ತಾರೆ. ಅಷ್ಟು ಹೊತ್ತಿಗೆ ಗಿರಾಕಿಗೆ ಆಯ್ಕೆಯೇ ಉಳಿದಿರುವುದಿಲ್ಲ, ಪತ್ರದ ಉದ್ದೇಶವೇ ಸತ್ತಿರುತ್ತದೆ.

ಶಿಫಾರಸು ಎಂದರೆ ಬರೆದುಕೊಟ್ಟ ಚೀಟಿಯೇ ಆಗಬೇಕಿಲ್ಲ. ಗಿರಾಕಿಯ ಆಯ್ಕೆಯ ಮೇಲೆ ಪ್ರಭಾವ ಬೀರುವ ಬಾಯಿಮಾತು ಕೂಡ ಶಿಫಾರಸೇ. ಮನೆ ನೋಡಿ ಕಾರಿಗೆ ಹತ್ತುವಾಗ ಏಜೆಂಟ್ ಹೇಳುತ್ತಾರೆ: ‘ಸರ್, ಟೈಟಲ್ ಕೆಲಸವನ್ನು ನಮ್ಮ ಕಂಪನಿಯಲ್ಲಿಯೇ ಮಾಡಿಸಿ, ಎಲ್ಲ ಒಂದೇ ಕಡೆ ಮುಗಿಯುತ್ತದೆ.’ ಗಿರಾಕಿ ‘ಆಗಲಿ, ನೀವು ಹೇಳಿದ ಹಾಗೆ’ ಎನ್ನುತ್ತಾರೆ. ಮುಗಿಯಿತು. ಪತ್ರ ಆ ಹೊತ್ತಿಗೆ ಕೈಯಲ್ಲಿರಬೇಕಿತ್ತು. ಇದೇ ಮಾತು ಫೋನಿನಲ್ಲಿ ನಡೆದರೆ ನಿಯಮ ಸ್ವಲ್ಪ ಸಡಿಲ: ನಂಟು ಇದೆ ಎಂದು ಫೋನಿನಲ್ಲಿಯೇ ಹೇಳಿ, ಲಿಖಿತ ಪತ್ರ ಮೂರು ಕೆಲಸದ ದಿನಗಳೊಳಗೆ ಬರುತ್ತದೆ ಎಂದೂ ತಿಳಿಸಿ, ಹಾಗೆಯೇ ಕಳುಹಿಸಬೇಕು. ಸಾಲದಾತರಾದರೆ ಸಾಲದ ಅಂದಾಜು ಪತ್ರ ಕೊಡುವ ಹೊತ್ತಿಗೆ ಕೊಡಬಹುದು. ವಕೀಲರು ತಮ್ಮ ಕಕ್ಷಿದಾರರಿಗೆ ಇಂಥದ್ದೇ ಟೈಟಲ್ ಏಜೆಂಟ್ ಎಂದು ಹೇಳುವುದಾದರೆ, ಕಕ್ಷಿದಾರರು ಅವರನ್ನು ನೇಮಿಸಿಕೊಳ್ಳುವ ಹೊತ್ತಿಗೇ ಪತ್ರ ಕೈಸೇರಿರಬೇಕು.

ಪತ್ರ ಕೊಡುವ ಹೊಣೆ ಬ್ರೋಕರ್‌ದಾದರೂ ಏಜೆನ್ಸಿ ಕೈಕಟ್ಟಿ ಕೂರುವಂತಿಲ್ಲ. ಸಹಿಯಾದ ಪ್ರತಿ ಬಾರದೆ ಪಾಲುದಾರರ ಆರ್ಡರ್ ತೆರೆಯುವುದಿಲ್ಲ ಎಂಬ ನಿಯಮ ಮಾಡಿಕೊಳ್ಳಿ. ಮೊದಲ ತಿಂಗಳು ಗೊಣಗುತ್ತಾರೆ. ಆಮೇಲೆ ಇಮೇಲಿನ ಜೊತೆಗೆ ತಾವಾಗಿಯೇ ಲಗತ್ತಿಸುತ್ತಾರೆ. ಈ ಪತ್ರಗಳನ್ನು ಸಹಿಯಾದ ದಿನದಿಂದ 5 ವರ್ಷ ಇಟ್ಟುಕೊಳ್ಳಬೇಕು ಎಂಬುದು ನಿಯಮ. ಬ್ರೋಕರ್ ಕಚೇರಿ ಮುಚ್ಚಿಹೋದರೂ ನಿಮ್ಮಲ್ಲಿ ಪ್ರತಿ ಇರಲಿ.

ರಿಯಾಯಿತಿಯ ಮಾತು ಒಂದಿದೆ. ‘ನಮ್ಮದೇ ಟೈಟಲ್ ಕಂಪನಿ ಬಳಸಿದರೆ ಇಷ್ಟು ಕಡಿಮೆ’ ಎಂದು ಹೇಳುವುದು ತನ್ನಿಂದ ತಾನೇ ಕಡ್ಡಾಯ ಆಗುವುದಿಲ್ಲ. ಆದರೆ ಅದು ನಿಜವಾದ ರಿಯಾಯಿತಿಯಾಗಿರಬೇಕು, ಗಿರಾಕಿಗೆ ಬಿಡುವ ಸ್ವಾತಂತ್ರ್ಯ ಇರಬೇಕು, ಇಲ್ಲಿ ಇಳಿಸಿದ್ದನ್ನು ಬೇರೆ ಶುಲ್ಕದಲ್ಲಿ ಏರಿಸಿರಬಾರದು. ಮನೆ ಮಾರುವವರು ಇಂಥ ಟೈಟಲ್ ಕಂಪನಿಯಿಂದಲೇ ವಿಮೆ ಕೊಳ್ಳಬೇಕೆಂದು ಖರೀದಿದಾರರಿಗೆ ಷರತ್ತು ಹಾಕುವುದನ್ನು ರೆಸ್ಪಾದ 9ನೆಯ ವಿಧಿ ತಡೆಯುತ್ತದೆ. ಮೀರಿದರೆ ಟೈಟಲ್ ವಿಮೆಗೆ ತೆಗೆದುಕೊಂಡ ಶುಲ್ಕದ ಮೂರು ಪಟ್ಟು ತೆರಬೇಕಾಗುತ್ತದೆ. ಬಿಲ್ಡರ್‌ಗಳ ಜೊತೆ ಪಾಲುದಾರಿಕೆ ಮಾಡಿದವರು ಇದನ್ನು ವಿಶೇಷವಾಗಿ ಓದಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಲಾಭ ಹಂಚುವ ದಿನ

ಪಾಲುದಾರರಿಗೆ ಹೋಗಬಹುದಾದದ್ದು ಪಾಲಿನ ಮೇಲಿನ ಪ್ರತಿಫಲ ಮಾತ್ರ. ಗಿರಾಕಿಯನ್ನು ಕಳುಹಿಸಿದ್ದಕ್ಕೆ ಕೊಡುವ ಯಾವುದೇ ಹಣ ಕಿಕ್‌ಬ್ಯಾಕ್, ಅದಕ್ಕೆ ಏನು ಹೆಸರಿಟ್ಟರೂ ಅಷ್ಟೆ.

ಒಂದು ಉದಾಹರಣೆ. ಮೂವರು ಪಾಲುದಾರರು: ಶೇ 40, ಶೇ 35, ಶೇ 25. ತ್ರೈಮಾಸಿಕ ಲಾಭ 60,000 ಡಾಲರ್. ಹಂಚಿಕೆ 24,000, 21,000, 15,000. ಈ ಮೂರು ತಿಂಗಳಲ್ಲಿ ಶೇ 25ರ ಪಾಲುದಾರ ನಲವತ್ತು ಗಿರಾಕಿಗಳನ್ನು ಕಳುಹಿಸಿದ್ದು, ಶೇ 40ರವರು ಒಬ್ಬರನ್ನೂ ಕಳುಹಿಸಿಲ್ಲದಿದ್ದರೂ ಈ ಅಂಕಿ ಹೀಗೆಯೇ ಇರಬೇಕು. ‘ಪಾಪ, ಅವರೇ ಹೆಚ್ಚು ಕೆಲಸ ತಂದಿದ್ದಾರೆ, ಐದು ಸಾವಿರ ಹೆಚ್ಚು ಕೊಡೋಣ’ ಎಂಬ ಮಾತು ಸಭೆಯಲ್ಲಿ ಬರುತ್ತದೆ. ನ್ಯಾಯವಾಗಿಯೇ ಕಾಣುತ್ತದೆ ಕೂಡ. ಆದರೆ ಕಾನೂನು ಗುರಿಯಿಟ್ಟಿರುವುದು ನೇರವಾಗಿ ಆ ಐದು ಸಾವಿರದ ಮೇಲೆ. ಈ ವರ್ಷದ ಶಿಫಾರಸು ನೋಡಿ ಮುಂದಿನ ವರ್ಷ ಪಾಲನ್ನು ಶೇ 25ರಿಂದ ಶೇ 32ಕ್ಕೆ ಏರಿಸುವುದನ್ನೂ ರೆಗ್ಯುಲೇಶನ್ ಎಕ್ಸ್ ಪ್ರತಿಫಲ ಎಂದು ಒಪ್ಪುವುದಿಲ್ಲ. ಪಾಲುದಾರಿಕೆ ಪತ್ರದಲ್ಲಿ ಬರೆದಿದೆ ಎಂಬ ಕಾರಣಕ್ಕೇ ಅದು ಸರಿಯಾಗುವುದಿಲ್ಲ ಎಂದೂ ಅಲ್ಲಿಯೇ ಹೇಳಿದೆ.

ಹಂಚಿಕೆಯ ಪ್ರತಿ ಸಲ ಒಂದು ಪುಟದ ಟಿಪ್ಪಣಿ ಬರೆದಿಡಿ: ಲಾಭ ಎಷ್ಟು, ಪಾಲು ಎಷ್ಟು, ಹೋದ ಹಣ ಎಷ್ಟು, ಚೆಕ್ ಸಂಖ್ಯೆ. ಹಂಚಿಕೆ ತೀರ್ಮಾನಿಸುವ ಸಭೆಯಲ್ಲಿ ಶಿಫಾರಸಿನ ಪಟ್ಟಿಯನ್ನು ಮೇಜಿನ ಮೇಲೆ ಇಡಲೇಬೇಡಿ. ಬ್ರೋಕರ್ ಕಚೇರಿಯಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದಿದ್ದರೆ ಆ ಬಾಡಿಗೆ ಸುತ್ತಮುತ್ತಲಿನ ಮಾರುಕಟ್ಟೆ ದರಕ್ಕೆ ಹೊಂದಬೇಕು. ಹೆಚ್ಚು ಕೊಟ್ಟರೆ ಆ ಹೆಚ್ಚಿನ ಹಣ ಯಾತಕ್ಕೆ ಎಂಬ ಪ್ರಶ್ನೆ ಏಳುತ್ತದೆ.

ಕಿಕ್‌ಬ್ಯಾಕ್ ತಡೆಯುವ ರೆಸ್ಪಾದ 8ನೆಯ ವಿಧಿ ಮೀರಿದರೆ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಗಿರಾಕಿ ಹೂಡುವ ದಾವೆಯಲ್ಲಿ ಆ ಸೇವೆಗೆ ಕಟ್ಟಿದ ಶುಲ್ಕದ ಮೂರು ಪಟ್ಟು ತೆರಬೇಕಾಗಬಹುದು. ಗಿರಾಕಿಗೆ ದಾವೆ ಹೂಡಲು ಒಂದು ವರ್ಷ, ಬ್ಯೂರೋ ಮತ್ತು ರಾಜ್ಯದ ಅಧಿಕಾರಿಗಳಿಗೆ ಮೂರು ವರ್ಷ ಕಾಲಾವಕಾಶವಿದೆ.

ಐದನೆಯ ಹೆಜ್ಜೆ: ಏಜೆನ್ಸಿ ನಿಜವೇ ಎಂಬ ಪರೀಕ್ಷೆ

1996ರಲ್ಲಿ ಫೆಡರಲ್ ವಸತಿ ಇಲಾಖೆ ಹೆಸರಿಗಷ್ಟೇ ಇರುವ ಕಂಪನಿಗಳನ್ನು ಗುರುತಿಸಲು ಹತ್ತು ಪ್ರಶ್ನೆಗಳ ನೀತಿ ಹೇಳಿಕೆ ಹೊರಡಿಸಿತು. ಸಾಕಷ್ಟು ಬಂಡವಾಳ ಇದೆಯೇ, ಸ್ವಂತ ನೌಕರರಿದ್ದಾರೆಯೇ, ಸ್ವಂತ ಕಚೇರಿ ಇದೆಯೇ, ಮುಖ್ಯ ಕೆಲಸವನ್ನು ತಾನೇ ಮಾಡುತ್ತದೆಯೇ, ಮಾರುಕಟ್ಟೆಯಲ್ಲಿ ಬೇರೆಯವರಿಂದಲೂ ವ್ಯವಹಾರ ಪಡೆಯಲು ಪ್ರಯತ್ನಿಸುತ್ತದೆಯೇ ಎಂಬಂಥ ಪ್ರಶ್ನೆಗಳು. 2013ರಲ್ಲಿ ಆರನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಕಾಯ್ದೆ ಹೇಳಿದ ಮೂರು ಷರತ್ತುಗಳೇ (ಘೋಷಣಾ ಪತ್ರ, ಕಡ್ಡಾಯ ಮಾಡದಿರುವುದು, ಪಾಲಿನ ಪ್ರತಿಫಲ ಮಾತ್ರ ಪಡೆಯುವುದು) ಸಾಕು, ಈ ಹತ್ತು ಪ್ರಶ್ನೆಗಳಿಗೆ ಕಾನೂನಿನ ಬಲವಿಲ್ಲ ಎಂದಿತು. ಆ ತೀರ್ಪಿನ ವ್ಯಾಪ್ತಿ ಒಹಾಯೊ, ಮಿಷಿಗನ್, ಕೆಂಟಕಿ, ಟೆನೆಸೀ ರಾಜ್ಯಗಳು. ನನ್ನ ಸಲಹೆ ಇಷ್ಟು: ನ್ಯಾಯಾಲಯ ಏನೇ ಹೇಳಿರಲಿ, ಪ್ರತಿ ವರ್ಷ ಆ ಹತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಕಡತದಲ್ಲಿಡಿ. ರಾಜ್ಯದ ಪರಿಶೀಲಕರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ ಆಗಿರುತ್ತವೆ.

ಬೆಂಗಳೂರಿನ ತಂಡಗಳಿಗೆ ಸಂಬಂಧಿಸಿದ ಮಾತು ಇಲ್ಲಿ ಬರುತ್ತದೆ. ದಾಖಲೆ ಹುಡುಕುವುದನ್ನು, ಟೈಪಿಂಗನ್ನು ಹೊರಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಹಕ್ಕಿನ ದಾಖಲೆಗಳನ್ನು ತೂಗಿ ನೋಡಿ ವಿಮೆ ಕೊಡಬಹುದೇ ಎಂದು ತೀರ್ಮಾನಿಸುವುದು, ಕಮಿಟ್‌ಮೆಂಟ್ (ಇಂಥ ಷರತ್ತಿನ ಮೇಲೆ ವಿಮೆ ಕೊಡುತ್ತೇವೆ ಎಂಬ ಪತ್ರ) ಸಿದ್ಧಪಡಿಸುವುದು, ಆಕ್ಷೇಪಗಳನ್ನು ಬಗೆಹರಿಸುವುದು, ಪಾಲಿಸಿ ಹೊರಡಿಸುವುದು, ಇವು ಟೈಟಲ್ ಕೆಲಸದ ತಿರುಳು. ಇವೆಲ್ಲವನ್ನೂ ಹೊರಗೆ ಕಳುಹಿಸಿ, ಅಮೆರಿಕದಲ್ಲಿ ನಾಮಫಲಕ ಮಾತ್ರ ಉಳಿಸಿಕೊಂಡರೆ ‘ನಿಮ್ಮ ಏಜೆನ್ಸಿ ಮಾಡುವ ಕೆಲಸ ಯಾವುದು’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಯಾವ ಕೆಲಸ ಎಲ್ಲಿ, ಯಾರಿಂದ ಆಗುತ್ತದೆ, ಅದಕ್ಕೆ ಕೊಟ್ಟ ದರವೇನು ಎಂಬ ಒಪ್ಪಂದದ ಪ್ರತಿ ಎರಡೂ ಕಡೆ ಇರಬೇಕು.

ಆರನೆಯ ಹೆಜ್ಜೆ: ರಾಜ್ಯಕ್ಕೆ ವರದಿ

ವಿಮೆಯ ನಿಯಂತ್ರಣ 1945ರ ಮೆಕ್ಯಾರನ್ ಫರ್ಗ್ಯುಸನ್ ಕಾಯ್ದೆಯ ಪ್ರಕಾರ ರಾಜ್ಯಗಳ ಕೈಯಲ್ಲಿದೆ. ಆದ್ದರಿಂದ ನೆರೆರಾಜ್ಯದ ಗೆಳೆಯರು ಮಾಡುವುದನ್ನು ನೋಡಿ ಮಾಡಬೇಡಿ. ಅಯೊವಾದಲ್ಲಿ ಖಾಸಗಿ ಟೈಟಲ್ ವಿಮೆಯ ಮಾರಾಟವೇ ಇಲ್ಲ, ರಾಜ್ಯವೇ ಟೈಟಲ್ ಗ್ಯಾರಂಟಿ ಕೊಡುತ್ತದೆ. ಟೆಕ್ಸಸ್‌ನಲ್ಲಿ ಪ್ರೀಮಿಯಂ ದರವನ್ನು ರಾಜ್ಯದ ವಿಮಾ ಇಲಾಖೆ ನಿಗದಿ ಮಾಡುತ್ತದೆ.

ಕೊಲರಾಡೊದಲ್ಲಿ ಪರವಾನಗಿಗೆ ಅರ್ಜಿ ಹಾಕುವಾಗಲೇ ಟೈಟಲ್ ಏಜೆನ್ಸಿ ತನ್ನ ಎಲ್ಲ ಅಫಿಲಿಯೇಟೆಡ್ ನಂಟುಗಳ ಹೆಸರನ್ನೂ ಆ ಕಚೇರಿಗಳಿರುವ ಜಾಗವನ್ನೂ ವಿಮಾ ಆಯುಕ್ತರಿಗೆ ತಿಳಿಸಬೇಕು. ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ನಂಟಿನ ಇನ್ನೊಂದು ತುದಿಯಲ್ಲಿರುವ ಬ್ರೋಕರ್ ಕೂಡ ರಿಯಲ್ ಎಸ್ಟೇಟ್ ಆಯೋಗಕ್ಕೆ ಅದನ್ನೇ ಹೇಳಬೇಕು. ಏಜೆನ್ಸಿ ಕೊಟ್ಟ ಪಟ್ಟಿಯಲ್ಲಿ ಮೂರು ಹೆಸರು, ಬ್ರೋಕರ್ ಕೊಟ್ಟದ್ದರಲ್ಲಿ ಎರಡು ಹೆಸರು ಇದ್ದರೆ ಪ್ರಶ್ನೆ ಬರುವುದು ಖಚಿತ. ಸಲ್ಲಿಸುವ ಮೊದಲು ಇಬ್ಬರೂ ಕುಳಿತು ತಾಳೆ ನೋಡಿ. ಯೂಟಾದ ವಿಮಾ ಸಂಹಿತೆಯಲ್ಲಿ ವಾರ್ಷಿಕ ಅಫಿಲಿಯೇಟೆಡ್ ವ್ಯವಹಾರ ವರದಿಗೆಂದೇ ಪ್ರತ್ಯೇಕ ವಿಧಿ ಇದೆ. ಯಾರಿಗೆ ಪಾಲಿದೆ, ಯಾರಿಂದ ಎಷ್ಟು ಭಾಗ ವ್ಯವಹಾರ ಬಂತು ಎಂಬುದು ಅದರ ಜೀವಾಳ. ನ್ಯೂಯಾರ್ಕ್ 2014ರ ಕಾನೂನಿನಿಂದ ಟೈಟಲ್ ಏಜೆಂಟರನ್ನು ಪರವಾನಗಿ ವ್ಯವಸ್ಥೆಗೆ ತಂದಿತು. ಅಲ್ಲಿ ನಂಟಿರುವ ಏಜೆನ್ಸಿ ಬರೀ ತನ್ನ ಪಾಲುದಾರರ ಗಿರಾಕಿಗಳನ್ನು ನೆಚ್ಚಿಕೊಂಡಿರದೆ, ಹಲವು ಮೂಲಗಳಿಂದ ಗಣನೀಯ ವ್ಯವಹಾರ ಪಡೆಯಲು ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು.

ನಿಮ್ಮ ರಾಜ್ಯದ ವಿಮಾ ಇಲಾಖೆಯ ನಮೂನೆಯನ್ನು ಜನವರಿಯಲ್ಲಿ ಅಲ್ಲ, ಪಾಲುದಾರಿಕೆ ಶುರುವಾಗುವ ಮೊದಲೇ ತೆಗೆದು ಓದಿ. ಅದರಲ್ಲಿ ಕೇಳುವ ಪ್ರತಿ ಅಂಕಿಯೂ ನಿಮ್ಮ ರಿಜಿಸ್ಟರಿನ ಯಾವ ಕಾಲಂನಿಂದ ಬರುತ್ತದೆ ಎಂದು ಅಂಚಿನಲ್ಲಿ ಬರೆಯಿರಿ. ಬರದಿದ್ದರೆ ಹೊಸ ಕಾಲಂ ಸೇರಿಸಿ. ಶೇಕಡಾವಾರು ಎಂದರೆ ಆರ್ಡರ್‌ಗಳ ಸಂಖ್ಯೆಯೋ, ಪ್ರೀಮಿಯಂ ಮೊತ್ತವೋ, ಒಟ್ಟು ಆದಾಯವೋ ಎಂಬುದನ್ನು ವ್ಯಾಖ್ಯೆಯ ಪುಟದಲ್ಲಿ ನೋಡಿ. ಒಂದೇ ಏಜೆನ್ಸಿಗೆ ಈ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ಪಾಲು ಕೈಬದಲಾದರೆ, ಹೊಸ ಪಾಲುದಾರರು ಬಂದರೆ ಎಷ್ಟು ದಿನಗಳಲ್ಲಿ ತಿಳಿಸಬೇಕು ಎಂಬುದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಮೊದಲ ವರ್ಷದ ವರದಿಯನ್ನು ಆ ರಾಜ್ಯದ ವಿಮಾ ಕಾನೂನು ಬಲ್ಲ ವಕೀಲರಿಗೆ ತೋರಿಸಿಯೇ ಸಲ್ಲಿಸಿ. ಖರ್ಚಾಗುತ್ತದೆ, ಆದರೆ ಮುಂದಿನ ವರ್ಷಗಳಿಗೆ ಅದೇ ಅಚ್ಚು ಆಗುತ್ತದೆ.

ತಪ್ಪು ಸಿಕ್ಕಿದಾಗ

ಸಿಗುತ್ತದೆ. ಒಮ್ಮೆ ನಾನು ಪರಿಶೀಲಿಸಿದ ಕಡತವೊಂದರಲ್ಲಿ ಘೋಷಣಾ ಪತ್ರದ ಮೇಲಿನ ದಿನಾಂಕ ಏಪ್ರಿಲ್ 9, ಆದರೆ ಆ ನಮೂನೆಯ ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ ಆವೃತ್ತಿಯ ತಿಂಗಳು ಜೂನ್. ಯಾರೋ ಆಮೇಲೆ ಸಹಿ ಹಾಕಿಸಿ ಹಿಂದಿನ ದಿನಾಂಕ ಬರೆದಿದ್ದರು. ಪತ್ರ ತಡವಾಗಿ ಹೋಗಿದ್ದರೆ ಅದೊಂದು ಲೋಪ. ಹಿಂದಿನ ದಿನಾಂಕ ಹಾಕಿದ ಮೇಲೆ ಅದು ಸುಳ್ಳು ದಾಖಲೆ. ಆ ಒಂದು ಹಾಳೆ ಕಡತದಲ್ಲಿದ್ದ ಬೇರೆಲ್ಲ ಹಾಳೆಗಳ ಮೇಲೂ ಅನುಮಾನ ತಂದಿತು.

ಉದ್ದೇಶವಿಲ್ಲದೆ ಆದ ತಪ್ಪಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ. ಆದರೆ ಅಂಥ ತಪ್ಪು ಆಗದಂತೆ ತಡೆಯಲು ತಕ್ಕ ವ್ಯವಸ್ಥೆ ಇಟ್ಟುಕೊಂಡಿದ್ದಿರಿ ಎಂದು ತೋರಿಸಬೇಕು. ಕಾನೂನನ್ನು ತಪ್ಪಾಗಿ ಅರ್ಥ ಮಾಡಿಕೊಂಡೆವು ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಆ ವ್ಯವಸ್ಥೆಗೆ ಸಾಕ್ಷಿ ನಿಮ್ಮ ಲಿಖಿತ ನಿಯಮಾವಳಿ, ಸಿಬ್ಬಂದಿಗೆ ತರಬೇತಿ ಕೊಟ್ಟ ದಿನಗಳ ದಾಖಲೆ, ನೀವೇ ಕಡತಗಳನ್ನು ತೆಗೆದು ನೋಡಿದ ಟಿಪ್ಪಣಿ. ಲೋಪ ಕಂಡರೆ ಕಂಡ ದಿನದ ದಿನಾಂಕ ಹಾಕಿಯೇ ಬರೆಯಿರಿ: ಏನು ತಪ್ಪಿತು, ಹೇಗೆ ಗೊತ್ತಾಯಿತು, ಗಿರಾಕಿಗೆ ಏನು ತಿಳಿಸಿದೆವು, ಮುಂದೆ ಏನು ಬದಲಾಯಿಸಿದೆವು. ರಾಜ್ಯಕ್ಕೆ ಹೋದ ವರದಿಯಲ್ಲಿಯೇ ಅಂಕಿ ತಪ್ಪಾಗಿದ್ದರೆ ತಿದ್ದಿದ ವರದಿಯನ್ನು ಒಂದು ಪುಟದ ಪತ್ರದೊಡನೆ ನೀವಾಗಿಯೇ ಕಳುಹಿಸಿ, ಅವರು ಕೇಳುವವರೆಗೆ ಕಾಯಬೇಡಿ.

ಮೂರು ತಿಂಗಳಿಗೊಮ್ಮೆ ಇಪ್ಪತ್ತು ಕಡತ ಸಾಕು. ಹತ್ತು ಪಾಲುದಾರರಿಂದ ಬಂದವು, ಹತ್ತು ಬೇರೆಯವು. ಬೇರೆಯವುಗಳಲ್ಲಿ ಒಂದೊಂದು ಗಿರಾಕಿಗೂ ಫೋನ್ ಮಾಡಿ, ನಮ್ಮ ಹೆಸರು ಹೇಳಿದವರು ಯಾರು ಎಂದು ಮತ್ತೊಮ್ಮೆ ಕೇಳಿ, ಅವರ ಉತ್ತರವನ್ನು ‘ಮೂಲ’ದ ಕಾಲಂ ಪಕ್ಕದಲ್ಲಿ ಬರೆಯಿರಿ.